ಎಣಿಸದೆ ಬರೆದ ಎಪ್ಪತ್ತೆರಡು

ಔಷಧಿ ಅಂಗಡಿಗೆ ಸಂತೋಷದಿಂದ ಬರುವವರು ಯಾರೂ ಇಲ್ಲ. ಹೋಟೆಲಿಗೆ ಬಂದವರು ಕೂರುತ್ತಾರೆ, ಕಟಿಂಗ್ ಅಂಗಡಿಗೆ ಬಂದವರು ಊರಿನ ಸುದ್ದಿಯನ್ನೆಲ್ಲ ಒದರಿ ಹೋಗುತ್ತಾರೆ, ಬಟ್ಟೆ ಅಂಗಡಿಗೆ ಬಂದವರು ಏನನ್ನೂ ಕೊಳ್ಳದೆ ಒಂದು ಗಂಟೆ ಕಳೆಯುತ್ತಾರೆ. ನನ್ನ ಕೌಂಟರಿನ ಮುಂದೆ ನಿಂತವರು ಮಾತ್ರ ಚೀಟಿ ಚಾಚಿ, ಪೊಟ್ಟಣ ಇಸಿದುಕೊಂಡು, ಇಲ್ಲೇ ನಿಂತರೆ ಇನ್ನೊಂದು ಕಾಯಿಲೆ ಅಂಟಿಕೊಂಡೀತು ಎನ್ನುವಂತೆ ಹೊರಟುಬಿಡುತ್ತಿದ್ದರು. ಅವರ ತಪ್ಪೇನೂ ಇಲ್ಲ. ನನ್ನ ಮುಖವೂ ಹಾಗೇ ಇತ್ತು.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಸೊರಬದ ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿ ನನ್ನ ಅಂಗಡಿ, ಅಂಗಡಿಯ ಹಿಂದೆ ಒಂದು ಕೋಣೆ, ಆ ಕೋಣೆಯಲ್ಲಿ ನಾನೊಬ್ಬನೇ. ನನ್ನೂರು ಶಿಕಾರಿಪುರ. ಎರಡೂ ಊರಿನ ನಡುವೆ ಶಿರಾಳಕೊಪ್ಪ ಒಂದೇ ಅಡ್ಡ, ಆದರೂ ಮಾತು ಬೇರೆ, ಊಟ ಬೇರೆ. ನಾನು ಮಾತಿಗೊಮ್ಮೆ 'ಹೌದ್ರೀ', 'ಇಲ್ರೀ' ಎಂದರೆ ಇಲ್ಲಿನವರು, 'ನೀವು ದಾವಣಗೆರೆ ಕಡೆಯೋರಾ?' ಎಂದು ಕೇಳಿ ತಮ್ಮತಮ್ಮಲ್ಲೇ ನಗುತ್ತಿದ್ದರು. ಮೊದಲ ವರ್ಷ ನಾನೂ ನಕ್ಕೆ. ಮೂರನೆಯ ವರ್ಷವೂ ಅದನ್ನೇ ಕೇಳಿದಾಗ ಸಿಟ್ಟು ಬರತೊಡಗಿತು. ಸಿಟ್ಟು ಬಂದರೆ ನಾನು ಜಗಳಕ್ಕೆ ಹೋಗುವವನಲ್ಲ, ಸುಮ್ಮನಾಗುವವನು. ಸುಮ್ಮನಾಗಿ ಸುಮ್ಮನಾಗಿ ಅದೇ ಅಭ್ಯಾಸವಾಗಿ ಹೋಯಿತು.

ವಯಸ್ಸು ಮೂವತ್ತೆಂಟಾಗಿತ್ತು. ಮದುವೆ ಆಗಿರಲಿಲ್ಲ. ಹೆಣ್ಣು ನೋಡಿದ್ದು ಮೂರು ಕಡೆ. ಒಂದು ಕಡೆಯವರು ಜಾತಕ ಕೂಡಲಿಲ್ಲ ಎಂದರು, ಇನ್ನೊಂದು ಕಡೆಯವರು ಏನೂ ಹೇಳಲೇ ಇಲ್ಲ, ಮೂರನೆಯವರು 'ಹುಡುಗ ಬಾಯಿ ಬಿಟ್ಟು ಮಾತೇ ಆಡೋದಿಲ್ಲ' ಎಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಅವ್ವ ತೀರಿಕೊಂಡಳು. ಹೆಣ್ಣು ಹುಡುಕುವವರೂ ಇಲ್ಲದಂತಾಯಿತು. ಭಾನುವಾರ ಅಂಗಡಿ ಮುಚ್ಚಿದರೆ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ನನ್ನ ದನಿಯನ್ನು ನಾನೇ ಕೇಳಿಸಿಕೊಳ್ಳದ ವಾರಗಳಿದ್ದವು. ಕೊನೆಗೆ ಭಾನುವಾರವೂ ಬಾಗಿಲು ತೆಗೆಯತೊಡಗಿದೆ. ಊರವರು ನನ್ನನ್ನು ದುಡ್ಡಿನ ಆಸೆಯವನು ಎಂದುಕೊಂಡರು.

ಇಂಥ ದಿನಗಳಲ್ಲಿ ನನ್ನ ಪಾಲಿಗೆ ಬಂದವರು ಡಾಕ್ಟರು. ಕರಾವಳಿ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಶಿಕಾರಿಪುರದಲ್ಲಿ ಆರು ಹಾಸಿಗೆಯ ಚಿಕ್ಕದೊಂದು ನರ್ಸಿಂಗ್ ಹೋಮ್ ನಡೆಸುತ್ತಿದ್ದರು. ಮಂಗಳವಾರ ಮತ್ತು ಶನಿವಾರ ಸೊರಬಕ್ಕೆ ಬಂದು ನನ್ನ ಅಂಗಡಿಯ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಅವರೂ ಮಾತು ಕಡಿಮೆಯವರೇ. ಬಂದಾಗ ಒಂದು ನಮಸ್ಕಾರ, ಹೋಗುವಾಗ 'ಬರ್ತೇನೆ ಮಾರಾಯ್ರೆ'. ನಡುವೆ ಅವರ ಚೀಟಿಗಳು ಕಿಟಕಿಯ ಮೂಲಕ ನನ್ನ ಕಡೆ ಬರುತ್ತಿದ್ದವು.

ತೊಂದರೆ ಇದ್ದದ್ದು ಉಳಿದ ಐದು ದಿನಗಳಲ್ಲಿ. ಬಿಪಿಯವರು, ಸಕ್ಕರೆ ಕಾಯಿಲೆಯವರು, ಹೃದಯದ ತೊಂದರೆಯವರು ಡಾಕ್ಟರು ಇಲ್ಲದ ದಿನವೇ ಬರುತ್ತಿದ್ದರು. ತಲೆ ಸುತ್ತುತ್ತದೆ, ಮಾತ್ರೆ ಬಿಡಲೋ ತಗೊಳ್ಳಲೋ ಎಂದು ನನ್ನನ್ನು ಕೇಳುತ್ತಿದ್ದರು. ಮೈ ಹಗುರಾಯಿತು ಎಂದು ಬಿಪಿ ಮಾತ್ರೆ ನಿಲ್ಲಿಸುವವರಿದ್ದರು. ಹತ್ತು ದಿನಕ್ಕೆ ಬರೆದುಕೊಟ್ಟದ್ದನ್ನು 'ಚೆನ್ನಾಗಿ ನಾಟಿತು' ಎಂದು ಹತ್ತು ತಿಂಗಳು ನುಂಗುವವರೂ ಇದ್ದರು. ಹೇಳಲು ನನಗೆ ಅಧಿಕಾರವಿಲ್ಲ, ಹೇಳದೆ ಕಳಿಸಲು ಮನಸ್ಸಿಲ್ಲ. ಇದನ್ನೊಮ್ಮೆ ಡಾಕ್ಟರಿಗೆ ಹೇಳಿದೆ. ಮುಂದಿನ ಶನಿವಾರ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಕೌಂಟರಿನ ಮೇಲಿಟ್ಟರು. ಮೊದಲ ಎರಡು ಪುಟ ತುಂಬ ಅವರ ಅಕ್ಷರವಿತ್ತು.

"ಓದಿ ನೋಡಿ. ಇದು ಸರ್ಕಾರದ ಕಾನೂನಲ್ಲ, ನಮ್ಮಿಬ್ಬರ ನಿಯಮ. ಒಪ್ಪಿಗೆ ಆದ್ರೆ ಕೆಳಗೆ ಸಹಿ ಹಾಕಿ," ಎಂದರು.

ನಿಯಮಗಳು ಬಿಗಿಯಾಗಿದ್ದವು. ಡಾಕ್ಟರು ಸ್ವತಃ ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಪುಟ ತೆಗೆದವರನ್ನು ಮಾತ್ರ ನಾನು ನೋಡಬಹುದು, ಅದೂ ಅವರು ಒಪ್ಪಿದರೆ. ಯಾವ ಮಾತ್ರೆಯನ್ನು ಎಷ್ಟರಿಂದ ಎಷ್ಟರವರೆಗೆ ಬದಲಾಯಿಸಬಹುದು ಎಂದು ಪ್ರತಿಯೊಬ್ಬರ ಪುಟದಲ್ಲೂ ಕೆಂಪು ಶಾಯಿಯಲ್ಲಿ ಬರೆದಿರುತ್ತಾರೆ, ಅದನ್ನು ದಾಟುವಂತಿಲ್ಲ. ಇಳಿಸಬಹುದು, ಏರಿಸುವಂತಿಲ್ಲ. ಇಂತಿಂಥ ಲಕ್ಷಣ ಕಂಡರೆ ಆ ಕ್ಷಣವೇ ಫೋನ್ ಮಾಡಬೇಕು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವಂತಿಲ್ಲ. ಎಲ್ಲವನ್ನೂ ಆಗಲೇ ಬರೆಯಬೇಕು. ಪ್ರತಿ ಶನಿವಾರ ಇಬ್ಬರೂ ಕೂತು ಓದಿ ಸಹಿ ಹಾಕಬೇಕು. ಕೊನೆಯಲ್ಲಿ ಒಂದು ಸಾಲು: ಎಣಿಸದ್ದನ್ನು ಬರೆಯಬಾರದು. ಅದನ್ನು ಓದಿ ನನಗೆ ಸ್ವಲ್ಪ ಅವಮಾನವೇ ಆಯಿತು. ಎಣಿಸದ್ದನ್ನು ಯಾರು ಬರೆಯುತ್ತಾರೆ ಎಂದು ಕೇಳಿದೆ.

"ನಾನು ಹೌಸ್ ಸರ್ಜನ್ ಆಗಿದ್ದಾಗ ಬರೀತಿದ್ದೆ," ಎಂದರು ಡಾಕ್ಟರು, ನಗದೆ. ಆಮೇಲೆ ಇನ್ನೊಂದು ಮಾತು ಹೇಳಿದರು: "ಈ ಕಡೆಯವರ ಮಾತು ನನಗೆ ಅರ್ಥ ಆಗ್ತದೆ. ಅವರ ಮನೆಯೊಳಗಿಂದು ಅರ್ಥ ಆಗುದಿಲ್ಲ. ಅದು ನಿಮಗೆ ಗೊತ್ತಲ್ವಾ, ಹಾಗಾಗಿ ನೀವು ಬೇಕು."

ನೀವು ಬೇಕು ಎಂದು ನನಗೆ ಆವರೆಗೆ ಯಾರೂ ಹೇಳಿರಲಿಲ್ಲ. ಸಹಿ ಹಾಕಿದೆ.

ಅಲ್ಲಿಂದ ಮೂರು ವರ್ಷ ಆ ನೋಟ್‌ಬುಕ್ ನಡೆಯಿತು. ಒಂದು ಮುಗಿದು ಎರಡನೆಯದು, ಮೂರನೆಯದು. ನಾನು ನೀಲಿ ಶಾಯಿಯಲ್ಲಿ ಬರೆದಿಡುತ್ತಿದ್ದೆ, ಅವರು ಶನಿವಾರ ಕೆಂಪು ಶಾಯಿಯಲ್ಲಿ ಉತ್ತರ ಬರೆಯುತ್ತಿದ್ದರು. ಬಾಯಲ್ಲಿ ಮಾತಾಡದ ಇಬ್ಬರು ಗಂಡಸರು ಹಾಳೆಯ ಮೇಲೆ ಎಷ್ಟು ಮಾತಾಡಿದೆವು ಎಂದು ಈಗ ನೆನೆದರೆ ನಗು ಬರುತ್ತದೆ. ಒಬ್ಬ ಅಜ್ಜನ ಕೆಮ್ಮು ಬಿಪಿ ಮಾತ್ರೆಯಿಂದಲೇ ಬಂದದ್ದಿರಬೇಕು ಎಂದು ನಾನು ಬರೆದಿದ್ದೆ. ಅದರ ಪಕ್ಕದಲ್ಲಿ ಅವರು, 'ಸರಿ. ನನಗೆ ಹೊಳೆದಿರಲಿಲ್ಲ' ಎಂದು ಬರೆದರು. ಆ ವಾರ ಆ ಪುಟವನ್ನು ನಾನು ಎಷ್ಟು ಸಲ ತೆರೆದೆನೋ ಲೆಕ್ಕವಿಲ್ಲ. ಆ ನೋಟ್‌ಬುಕ್ ನನ್ನ ಕೈಬಿಟ್ಟರೆ ನಾನು ಮತ್ತೆ ಪೊಟ್ಟಣ ಕಟ್ಟುವವನು ಅಷ್ಟೇ, ನನ್ನನ್ನು ಏನನ್ನಾದರೂ ಕೇಳುವ ಒಬ್ಬ ಮನುಷ್ಯನೂ ಈ ಊರಲ್ಲಿ ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ನೋಟ್‌ಬುಕ್ಕಿನಲ್ಲಿ ಒಂದು ಪುಟ ತೊಗರ್ಸಿ ಕಡೆಯ ಒಬ್ಬ ಹೆಂಗಸಿನದು. ಐವತ್ತೈದರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಕವಾಟ ಕೆಟ್ಟು, ನಾಡಿ ತಾಳ ತಪ್ಪಿ ಓಡುತ್ತಿತ್ತು. ಮಗಳನ್ನು ಸೊರಬಕ್ಕೆ ಕೊಟ್ಟಿದ್ದರಿಂದ ಹದಿನೈದು ದಿನಕ್ಕೊಮ್ಮೆ ಗುರುವಾರ ಬರುವರು. ಮಗಳ ಮನೆಗೆ ಹೋಗುವ ಮುಂಚೆ ನನ್ನ ಅಂಗಡಿ. ಡಾಕ್ಟರು ತಿಂಗಳಿಗೊಮ್ಮೆ ಶಿಕಾರಿಪುರದಲ್ಲಿ ನೋಡುವರು, ನಡುವೆ ನಾನು. ನಾಡಿಯ ಓಟವನ್ನು ತಗ್ಗಿಸಲು ಡಿಜಾಕ್ಸಿನ್ ಎಂಬ ಚಿಕ್ಕ ಬಿಳಿ ಮಾತ್ರೆ, ದಿನಕ್ಕೊಂದು, ತಿಂಗಳದ್ದು ಒಟ್ಟಿಗೇ ಒಯ್ಯುವರು. ಒಳ್ಳೆಯ ಮಾತ್ರೆ, ಆದರೆ ಸ್ವಲ್ಪ ಹೆಚ್ಚಾದರೆ ಅದೇ ವಿಷ. ನಾಡಿ ತೀರ ಇಳಿಯುತ್ತದೆ, ವಾಂತಿ ಶುರುವಾಗುತ್ತದೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ. ಅವರ ಪುಟದಲ್ಲಿ ಡಾಕ್ಟರು ಕೆಂಪಿನಲ್ಲಿ ಬರೆದಿದ್ದರು: ನಾಡಿ ಅರವತ್ತಕ್ಕಿಂತ ಕೆಳಗಿಳಿದರೆ ಅರ್ಧ ಮಾತ್ರೆಗೆ ಇಳಿಸಿ. ಐವತ್ತಕ್ಕಿಂತ ಕೆಳಗಿದ್ದರೆ ನಿಲ್ಲಿಸಿ, ಫೋನ್ ಮಾಡಿ.

ನನ್ನ ಅಂಗಡಿಯಲ್ಲಿ ಕೂತು ಮಾತಾಡಿದ ಏಕೈಕ ಗಿರಾಕಿ ಅವರು. ಬಂದವರೇ ಸ್ಟೂಲ್ ಎಳೆದುಕೊಂಡು, ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಪುಡಿಯ ಗಂಟು ತೆಗೆದು ಕೌಂಟರಿನ ಮೇಲಿಡುವರು. "ತಗೋ ತಮ್ಮಾ, ಈ ಊರಾಗೆ ಅನ್ನ ಉಂಡೂ ಉಂಡೂ ಹೊಟ್ಟೆ ತಣ್ಣಗಾಗಿರ್ತೈತಿ," ಎನ್ನುವರು. ಆ ರೊಟ್ಟಿ ಮೂರು ದಿನ ಬರುತ್ತಿತ್ತು. ಗುರುವಾರಗಳನ್ನು ನಾನು ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಒಂದು ಗುರುವಾರ ನಾಡಿ ಐವತ್ತಾರು ಬಂತು. ನಿಯಮದಂತೆ ಅರ್ಧಕ್ಕಿಳಿಸಿದೆ. ಅವರಿಗೆ ಕತ್ತರಿಸಲು ಬಾರದೆಂದು ನಾನೇ ಬ್ಲೇಡಿನಿಂದ ಒಂದೊಂದೇ ಮಾತ್ರೆಯನ್ನು ಎರಡು ಮಾಡಿ, ಹದಿನೈದು ಅರ್ಧಗಳನ್ನು ಹೊಸ ಪೊಟ್ಟಣಕ್ಕೆ ಹಾಕಿದೆ. "ಇನ್ನು ಮೇಲೆ ಇದು, ದಿನಕ್ಕೊಂದು ಅರ್ಧ. ಮನೆಯಲ್ಲಿರೋ ಹಳೇ ಮಾತ್ರೆ ಬಿಸಾಕಿಬಿಡ್ರಿ ಅಕ್ಕಾರೆ," ಎಂದೆ. ಅವರು ಹೂಂ ಎಂದರು. ನಾನು ನೀಲಿಯಲ್ಲಿ ಬರೆದೆ. ಶನಿವಾರ ಡಾಕ್ಟರು ಕೆಂಪಿನಲ್ಲಿ 'ಸರಿ' ಎಂದು ಬರೆದರು.

ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಮುಖ ಸ್ವಲ್ಪ ಬಾಡಿತ್ತು. ಬಸ್ಸಿನ ಸುಸ್ತು ಎಂದರು. ರೊಟ್ಟಿ ತೆಗೆದಿಟ್ಟು, "ಯಾಕೋ ಇವತ್ತು ರೊಟ್ಟಿನೂ ಹಳದಿ ಕಾಣ್ತಾವೆ ನೋಡು," ಎಂದರು. ನಾನು ನಕ್ಕೆ. "ಸೊಸೆ ಮೆಕ್ಕೆಜೋಳದ ಹಿಟ್ಟು ಬೆರೆಸಿರಬೇಕ್ರೀ, ಈಗ ಎಲ್ಲಾರ ಹೊಲದಾಗೂ ಅದೇ ಅಲ್ವಾ," ಎಂದೆ. ಅವರೂ ನಕ್ಕರು. ಆಮೇಲೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ತಮ್ಮಾ, ಒಂದು ಮಾತು. ಉಡುತಡಿ ಕಡೆ ನಮ್ಮ ಸಂಬಂಧಿಕರ ಹುಡುಗಿ ಒಬ್ಬಳು ಅದಾಳೆ. ಅಂಗನವಾಡಿ ಟೀಚರು. ಮೂವತ್ತೆರಡು ಆತು. ಅಪ್ಪ ಇಲ್ಲ, ಅದಕ್ಕೇ ತಡ ಆತು, ಬ್ಯಾರೆ ಏನೂ ಐಬಿಲ್ಲ. ಅವಳೂ ನಿನ್ನಂಗೇ, ಮಾತು ಕಡಿಮಿ."

ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ಹೇಳಿದ್ದು ಮಾತ್ರ ಒಂದೊಂದೂ ನೆನಪಿದೆ. ಹುಡುಗಿ ತಾನೇ ಸೈಕಲ್ ಹೊಡೆದುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಪುಸ್ತಕ ಓದುತ್ತಾಳೆ. ಒಮ್ಮೆ ಒಬ್ಬನನ್ನು ಬೇಡ ಅಂದಿದ್ದಳು, ಅವನು ಹೆಚ್ಚು ಮಾತಾಡುತ್ತಾನೆ ಅಂತ. ಇದನ್ನು ಕೇಳಿ ನನಗೆ ತಡೆಯಲಾರದಷ್ಟು ನಗು ಬಂತು. ಎಷ್ಟು ವರ್ಷಗಳ ಮೇಲೆ ಹಾಗೆ ನಕ್ಕೆನೋ. ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಅಳಿಯ ಹೊಲಕ್ಕೆ ಹೋಗುವ ಮುಂಚೆ ಮಗಳ ಮನೆ ಮುಟ್ಟಬೇಕು ಎಂದು ಅವರು ಗಡಿಬಿಡಿಯಲ್ಲಿ ಎದ್ದರು. ಮುಂದಿನ ಪೊಟ್ಟಣ ಕೊಟ್ಟೆ. "ಮುಂದಿನ ಸಲ ಬಂದಾಗ ಫೋಟೋ ತರ್ತೀನಿ," ಎಂದು ಹೋದರು.

ನೋಟ್‌ಬುಕ್ ತೆರೆದು ದಿನಾಂಕ ಬರೆದೆ. ನಾಡಿ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ನಾನು ಅವರ ಕೈ ಹಿಡಿದೇ ಇರಲಿಲ್ಲ. ಬಾಗಿಲಿಗೆ ಬಂದು ನೋಡಿದೆ, ಕಾಣಲಿಲ್ಲ. ಮಗಳ ಮನೆ ಗೊತ್ತಿತ್ತು, ಹತ್ತು ನಿಮಿಷದ ದಾರಿ. ಅಂಗಡಿ ಬಿಟ್ಟು ಹೋಗಿ, ಎಲ್ಲರೆದುರು ಕೈ ಹಿಡಿದು ನಿಲ್ಲಬೇಕು. ಹೆಣ್ಣಿನ ಮಾತು ಎತ್ತಿದ ಮರುಗಳಿಗೆಯೇ ಓಡೋಡಿ ಬಂದ ಎಂದು ನಗುತ್ತಾರೇನೋ ಅನ್ನಿಸಿತು. ಜಾಗ ಖಾಲಿ ಬಿಟ್ಟರೆ ಶನಿವಾರ ಡಾಕ್ಟರು ಕೇಳುತ್ತಾರೆ. ಅರ್ಧಕ್ಕಿಳಿಸಿ ಹದಿನೈದು ದಿನವಾಗಿದೆ, ಏರಿಯೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಪ್ಪತ್ತೆರಡು ಎಂದು ಬರೆದೆ. ಶನಿವಾರ ಡಾಕ್ಟರು ಅದನ್ನು ಓದಿ, 'ಒಳ್ಳೆಯದಾಯಿತು' ಎಂದು ಬರೆದರು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಡಾಕ್ಟರೇ.

"ಆ ತೊಗರ್ಸಿಯ ಅಮ್ಮನ್ನ ಕರ್ಕೊಂಡು ಬಂದಿದ್ದಾರೆ. ಮೂರು ದಿನದಿಂದ ವಾಂತಿ ಅಂತೆ, ನಿನ್ನೆ ಬಚ್ಚಲಲ್ಲಿ ಬಿದ್ದಿದ್ದಾರೆ. ನಾಡಿ ನಲ್ವತ್ತು ನಲ್ವತ್ತೆರಡು ಅಷ್ಟೇ. ಗುರುವಾರ ಎಷ್ಟಿತ್ತು, ನೋಟ್‌ಬುಕ್ ನೋಡಿ ಹೇಳಿ."

ನೋಟ್‌ಬುಕ್ ಎದುರಿಗೇ ಇತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಎಪ್ಪತ್ತೆರಡು ಸಾರ್," ಎಂದು ಓದಿದೆ.

"ಅರ್ಧ ಮಾತ್ರೆ ಅಲ್ವಾ ಈಗ?"

"ಹೌದ್ರೀ, ಅರ್ಧ."

"ಹಾಗಾದ್ರೆ ಇದು ಮಾತ್ರೆಯದ್ದಲ್ಲ. ಅರ್ಧಕ್ಕೆ ಇಳಿಸಿದ ಮೇಲೆ ಎಪ್ಪತ್ತೆರಡಕ್ಕೆ ಏರಿತ್ತು, ನಾಲ್ಕು ದಿನದಲ್ಲಿ ಹೀಗೆ ಬಿದ್ದಿದೆ ಅಂದ್ರೆ ಹೃದಯದ್ದೇ ತೊಂದರೆ. ಎದೆಗೆ ಪೇಸ್‌ಮೇಕರ್ ಯಂತ್ರ ಕೂರಿಸ್ಬೇಕಾಗ್ತದೆ. ಮಂಗಳೂರಿಗೆ ಕಳಿಸ್ಬೇಕು. ಘಟ್ಟ ಇಳಿಯುವಷ್ಟು ಶಕ್ತಿ ಅವರಲ್ಲಿ ಉಂಟೋ ಇಲ್ವೋ ಗೊತ್ತಿಲ್ಲ. ಮಧ್ಯಾಹ್ನ ಕಾರು ಹೇಳಿದ್ದೇನೆ." ಫೋನ್ ಇಟ್ಟರು.

ನಾನು ಕೂತೇ ಇದ್ದೆ. ರೊಟ್ಟಿಯ ಮಾತು ನೆನಪಾದದ್ದು ಆಗ. ಎಲ್ಲ ಹಳದಿ ಕಾಣುತ್ತದೆ ಎಂದು ನನ್ನೆದುರಿಗೇ ಕೂತು ಹೇಳಿದ್ದರು. ನಾನು ಮೆಕ್ಕೆಜೋಳ ಎಂದಿದ್ದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಒಂದೇ ಒಂದು ಲಕ್ಷಣ ಕಣ್ಣೆದುರು ಬಂದು ನಿಂತಾಗ ನಾನು ಹುಡುಗಿಯ ಮಾತಿಗೆ ಕಿವಿ ನಿಮಿರಿಸಿಕೊಂಡು ಕೂತಿದ್ದೆ. ಇದು ಮಾತ್ರೆಯದೇ. ಮಾತ್ರೆ ನಿಲ್ಲಿಸಿದರೆ ಸಾಕು, ಹೆಂಗಸು ಉಳಿಯುತ್ತಾರೆ. ಆದರೆ ಡಾಕ್ಟರು ನನ್ನ ಅಂಕಿಯನ್ನು ನಂಬಿ ಅವರನ್ನು ಕಾರಿನಲ್ಲಿ ಮಲಗಿಸಿ ಘಟ್ಟ ಇಳಿಸುತ್ತಾರೆ. ಫೋನೆತ್ತಿ ಹೇಳಬಹುದಿತ್ತು. ಎರಡು ಸಲ ಎತ್ತಿದೆ. ನಂಬರ್ ತಿರುಗಿಸಲು ಬೆರಳು ಬರಲಿಲ್ಲ. ಈಗಷ್ಟೇ ಓದಿ ಹೇಳಿದ್ದನ್ನು ಅದೇ ಬಾಯಿಂದ ಸುಳ್ಳು ಎನ್ನಲು ನನಗೆ ಅವರ ಮುಖ ಎದುರಿಗೆ ಬೇಕಿತ್ತೋ, ಇಲ್ಲ ಸ್ವಲ್ಪ ಹೊತ್ತು ಬೇಕಿತ್ತೋ. ಎರಡನೆಯದೇ ಇರಬೇಕು. ಬಾಗಿಲು ಹಾಕಿ, ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಶಿಕಾರಿಪುರದ ಬಸ್ಸು ಹತ್ತಿದೆ.

ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಡ್ರೈವರ್ ತಿಂಡಿಗೆ ಹೋಗಿದ್ದ. ತಾಳಗುಂದಕ್ಕೆ ಹೋಗುವವರು ಕೋಳಿ, ಗೊಬ್ಬರದ ಚೀಲ ಹತ್ತಿಸುತ್ತಿದ್ದರು. ಕಿಟಕಿ ಪಕ್ಕ ಕೂತು ನಾನು ಇನ್ನೂ ಒಂದು ದಾರಿ ಹುಡುಕುತ್ತಿದ್ದೆ. ಎಪ್ಪತ್ತೆರಡನ್ನು ಐವತ್ತೆರಡು ಎಂದು ತಿದ್ದಬಹುದು, ಓದುವಾಗ ತಪ್ಪಾಯಿತು ಎನ್ನಬಹುದು. ಏಳನ್ನು ಐದು ಮಾಡುವುದು ಕಷ್ಟವಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆದರೆ ಆ ಅಂಕಿಯ ಕೆಳಗೇ ಡಾಕ್ಟರು ಕೆಂಪು ಶಾಯಿಯಲ್ಲಿ 'ಒಳ್ಳೆಯದಾಯಿತು' ಎಂದು ಬರೆದಿದ್ದರಲ್ಲ. ಐವತ್ತೆರಡು ಎಂದು ಓದಿ ಯಾವ ಡಾಕ್ಟರು ಒಳ್ಳೆಯದಾಯಿತು ಎನ್ನುತ್ತಾರೆ? ಪೆನ್ನು ಜೇಬಿಗಿಟ್ಟೆ. ನಾನು ಅಂಕಿ ತಿದ್ದದೆ ಇದ್ದದ್ದು ಒಳ್ಳೆಯತನದಿಂದ ಎಂದು ಹೇಳಿಕೊಳ್ಳಲಾರೆ, ತಿದ್ದಲು ಜಾಗವಿರಲಿಲ್ಲ.

ನರ್ಸಿಂಗ್ ಹೋಮ್ ಮುಂದೆ ಬಿಳಿ ಅಂಬಾಸಿಡರ್ ನಿಂತಿತ್ತು. ಹಿಂದಿನ ಸೀಟಿಗೆ ಹಾಸಿಗೆ ಹಾಸುತ್ತಿದ್ದರು. ಡಾಕ್ಟರು ಹೊರಜಗಲಿಯಲ್ಲಿ ಹೆಂಗಸಿನ ಗಂಡನ ಜೊತೆ ಮಾತಾಡುತ್ತಿದ್ದರು. ನನ್ನನ್ನು ಕಂಡು, "ನೀವ್ಯಾಕೆ ಬಂದ್ರಿ?" ಎಂದರು.

"ಸಾರ್, ಗುರುವಾರ ನಾನು ನಾಡಿ ಎಣಿಸಿಲ್ಲ. ಸುಮ್ಮನೆ ಬರೆದೆ. ಎಲ್ಲಾ ಹಳದಿ ಕಾಣುತ್ತೆ ಅಂತ ಅವರು ಹೇಳಿದ್ರು, ಅದನ್ನೂ ಬರೆದಿಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಡ್ರೈವರನಿಗೆ ನಿಲ್ಲಲು ಸನ್ನೆ ಮಾಡಿ, "ಅರ್ಧ ಮಾತ್ರೆಗೆ ಇಷ್ಟಾಗ್ಬಾರ್ದು. ಬನ್ನಿ ಒಳಗೆ," ಎಂದರು.

ಹೆಂಗಸು ಕಣ್ಣು ಮುಚ್ಚಿ ಮಲಗಿದ್ದರು. ನನ್ನ ದನಿ ಕೇಳಿ ಕಣ್ಣು ಬಿಟ್ಟು, "ಬಂದ್ಯಾ ತಮ್ಮಾ," ಎಂದರು.

"ಅಕ್ಕಾರೆ, ಮಾತ್ರೆ ಹೆಂಗೆ ತಗೊಂಡ್ರಿ?"

"ನೀ ಹೇಳಿದಂಗೇ. ಅರ್ಧದ್ದು ಬೆಳಿಗ್ಗೆ ತಗೊಂಡೆ. ಮೊದ್ಲಿಂದು ರಾತ್ರಿ ತಗೊಂಡೆ."

"ಮೊದಲಿಂದು ಬಿಸಾಕ್ರಿ ಅಂದಿದ್ನಲ್ರೀ?"

ಅಷ್ಟು ಸುಸ್ತಿನಲ್ಲೂ ಅವರ ಮುಖದಲ್ಲಿ ಬೇಸರ ಕಂಡಿತು. "ಪ್ರಸಾದ ಬಿಸಾಕ್ತಾರೇನೋ?" ಎಂದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಎಂತ ಪ್ರಸಾದ?"

ನಾನು ಹೇಳಿದೆ. ಕೊರಳಲ್ಲಿ ಲಿಂಗ ಧರಿಸಿದವರಲ್ಲಿ ನೇಮದವರು ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗಿಡುವುದಿಲ್ಲ, ನೀರನ್ನೂ ಕೂಡ. ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಬಿಡುವಂತಿಲ್ಲ, ಎಸೆಯುವಂತಿಲ್ಲ. ಈಕೆ ತಿಂಗಳ ಮಾತ್ರೆಯನ್ನೆಲ್ಲ ಮೊದಲ ದಿನವೇ ಲಿಂಗಕ್ಕೆ ತೋರಿಸಿಟ್ಟಿದ್ದಾರೆ. ನಾನು ಇಳಿಸಿದೆ ಎಂದುಕೊಂಡೆ, ಅವರು ದಿನಕ್ಕೆ ಒಂದೂವರೆ ನುಂಗಿದ್ದಾರೆ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ನನ್ನ ಅವ್ವನೂ ಹೀಗೇ ಇದ್ದಳು. ತಟ್ಟೆ ತೊಳೆದ ನೀರನ್ನೂ ಕುಡಿಯುವವಳು, ಕಷಾಯದ ಗಸಿಯನ್ನೂ ಬಿಡದವಳು. ನಾನು ಕಾಲೇಜಿಗೆ ಹೋದಾಗ ಲಿಂಗವನ್ನು ಪೆಟ್ಟಿಗೆಯಲ್ಲಿಟ್ಟವನು ಮತ್ತೆ ತೆಗೆದಿರಲಿಲ್ಲ. ಅದರ ಜೊತೆಗೆ ಮನೆಯ ನಡೆಯನ್ನೂ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆ. ಈ ಮನೆಯೊಳಗಿನದು ಗೊತ್ತಿದೆ ಎಂದೇ ಡಾಕ್ಟರು ನನ್ನನ್ನು ಬೇಕು ಎಂದದ್ದು. ಘಟ್ಟದ ಕೆಳಗಿನ ಮನುಷ್ಯನಿಗೆ ಹೊಳೆಯದಿದ್ದರೆ ತಪ್ಪಿಲ್ಲ, ನನಗೆ ಹೊಳೆಯಬೇಕಿತ್ತು.

ಕಾರನ್ನು ವಾಪಸು ಕಳಿಸಿದರು. ಮಾತ್ರೆ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ನರ್ಸನ್ನು ಪಕ್ಕದಲ್ಲೇ ಕೂರಿಸಿದರು. ನಾನು ಶಿಕಾರಿಪುರದಲ್ಲೇ ಉಳಿದೆ. ನನ್ನೂರಿನಲ್ಲಿ ನನಗೆ ಮನೆ ಇರಲಿಲ್ಲವಾದ್ದರಿಂದ ಲಾಡ್ಜಿನಲ್ಲಿ ಉಳಿದೆ. ಮರುದಿನ ನಾಡಿ ನಲವತ್ತೆಂಟು, ಅದರ ಮರುದಿನ ಐವತ್ತೈದು. ಮೂರನೆಯ ದಿನ ಹೆಂಗಸು ಎದ್ದು ಕೂತು ಗಂಜಿ ಕುಡಿದರು, ಅದನ್ನು ಮೊದಲು ಲಿಂಗಕ್ಕೆ ತೋರಿಸಿಯೇ. ಲೋಟದಲ್ಲಿ ತೊಟ್ಟೂ ಉಳಿಸಲಿಲ್ಲ. ಅವತ್ತು ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದರು. ನೋಟ್‌ಬುಕ್ ಅವರ ಮೇಜಿನ ಮೇಲಿತ್ತು.

"ಪ್ರಸಾದದ ವಿಷಯ ಬಿಡಿ. ಅದು ನನಗೂ ಪಾಠ. ಇನ್ನು ಯಾರಿಗೂ ಒಂದು ವಾರಕ್ಕಿಂತ ಹೆಚ್ಚಿಗೆ ಮಾತ್ರೆ ಕೊಡುದು ಬೇಡ," ಎಂದರು. ಆಮೇಲೆ ಪುಟಗಳನ್ನು ತಿರುವಿದರು. "ಮೂರು ವರ್ಷ ನಿಮ್ಮ ಅಂಕಿ ನಂಬಿ ನಾನು ಮದ್ದು ಬರೆದೆ. ಒಂದು ಸುಳ್ಳು ಅಂತ ನೀವೇ ಬಂದು ಹೇಳಿದ್ರಿ. ಹೇಳಿದ್ದು ದೊಡ್ಡದು, ಇಲ್ಲದಿದ್ರೆ ಅವರು ದಾರಿಯಲ್ಲೇ ಹೋಗ್ತಿದ್ರು. ಆದ್ರೆ ಉಳಿದದ್ದರಲ್ಲಿ ಯಾವ್ದು ನಿಜ ಅಂತ ನಾನು ಹೇಗೆ ತಿಳೀಲಿ ಮಾರಾಯ್ರೆ?"

"ಇದೊಂದೇ ಸಾರ್."

"ಇರ್ಬಹುದು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲಿನ ಒಂದು ತಿಂಗಳು ಅವರು ಸೊರಬಕ್ಕೆ ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿದ್ದ ಒಬ್ಬೊಬ್ಬರನ್ನೂ ಕರೆಸಿ ಬಿಪಿ, ನಾಡಿ, ಮಾತ್ರೆ ಎಲ್ಲವನ್ನೂ ತಾವೇ ಹೊಸದಾಗಿ ನೋಡಿದರು. ನನ್ನ ಅಂಕಿಗಳಿಗೂ ಅವರಿಗೆ ಸಿಕ್ಕಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ ಎಂದು ಕಿಟಕಿಯ ಈ ಕಡೆ ನಿಂತ ನನಗೆ ಗೊತ್ತಾಗುತ್ತಿತ್ತು. ಆದರೂ ಕೊನೆಗೆ ಅವರು ಹೊಸದೊಂದು ನೋಟ್‌ಬುಕ್ ಶುರುಮಾಡಿದರು. ಅದು ಅವರ ಬ್ಯಾಗಿನಲ್ಲೇ ಬಂದು ಬ್ಯಾಗಿನಲ್ಲೇ ಹೋಗುತ್ತಿತ್ತು. ಸೊರಬಕ್ಕೆ ಬರುವ ದಿನವನ್ನು ಎರಡರಿಂದ ಮೂರು ಮಾಡಿಕೊಂಡರು. ನನ್ನ ಕಡೆ ಬರುತ್ತಿದ್ದ ಚೀಟಿಗಳು ಬರುತ್ತಲೇ ಇದ್ದವು. ನಮಸ್ಕಾರ, ಬರ್ತೇನೆ ಮಾರಾಯ್ರೆ, ಅವೂ ಇದ್ದವು. ಯಾರಾದರೂ ನೋಡಿದ್ದರೆ ಏನೂ ಬದಲಾಗಿಲ್ಲ ಎಂದೇ ಹೇಳುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಗುರುವಾರ ಹೆಂಗಸು ಬಂದರು. ಸ್ವಲ್ಪ ಇಳಿದಿದ್ದರು, ಆದರೆ ಮಾತು ಹಾಗೇ ಇತ್ತು. ಸ್ಟೂಲ್ ಎಳೆದು ಕೂತು, "ಆ ಹುಡುಗೀದು ಆತು ತಮ್ಮಾ. ನಾ ಮಲಗಿದ್ದಾಗ ಹಾನಗಲ್ ಕಡೆಯೋರು ಬಂದು ನೋಡಿ ಮಾಡ್ಕೊಂಡ್ರು," ಎಂದರು. ತಮ್ಮದೇ ತಪ್ಪು ಎನ್ನುವಂತೆ ಹೇಳಿದರು. ಒಳ್ಳೇದಾಯ್ತಲ್ರೀ ಎಂದೆ. ಆ ದಿನ ನನಗೆ ಅದು ಅಷ್ಟೇನೂ ನೋಯಲಿಲ್ಲ, ನೋವಿಗೆ ಬೇರೆ ಜಾಗವಿತ್ತು. ಅವರು ಬಳೆ ಹಿಂದಕ್ಕೆ ಸರಿಸಿ ಕೈಯನ್ನು ಕೌಂಟರಿನ ಮೇಲಿಟ್ಟರು.

"ಈಗ ಡಾಕ್ಟರೇ ನೋಡ್ತಾರ್ರೀ ಅಕ್ಕಾರೆ," ಎಂದೆ.

"ಅವ್ರು ನೋಡ್ಲಿ. ನೀನೂ ನೋಡು."

ಗೋಡೆಯ ಗಡಿಯಾರ ನೋಡುತ್ತಾ ಎಣಿಸಿದೆ. ಪೂರ್ತಿ ಒಂದು ನಿಮಿಷ. ಅಷ್ಟು ಮಾತಿನ ಹೆಂಗಸು ಆ ಒಂದು ನಿಮಿಷ ತುಟಿ ಬಿಚ್ಚಲಿಲ್ಲ. ತಾಳ ತಪ್ಪಿದ ನಾಡಿ, ಒಂದು ಬೇಗ, ಒಂದು ತಡ, ಆದರೂ ಗಟ್ಟಿಯಾಗಿತ್ತು. ಅರವತ್ತೆಂಟು ಬಂತು. ಕೈ ಬಿಟ್ಟೆ. ಅವರು ಎಷ್ಟು ಎಂದು ಕೇಳಲಿಲ್ಲ, ಚೀಲ ಎತ್ತಿಕೊಂಡು ಮಗಳ ಮನೆಗೆ ಹೋದರು.

ಶನಿವಾರ ಡಾಕ್ಟರು ಬಂದರು. ಅರವತ್ತೆಂಟು ನನ್ನ ಬಾಯಲ್ಲೇ ಇತ್ತು. ಅವರು ಬಾಗಿಲು ತೆಗೆದು, ಕುರ್ಚಿ ಸರಿಮಾಡಿಕೊಂಡು, ಮೊದಲ ರೋಗಿಯನ್ನು ಕರೆಯುವವರೆಗೂ ನಾನು ಕಿಟಕಿಯ ಬಳಿ ನಿಂತಿದ್ದೆ. ಹೇಳಲಿಲ್ಲ. ಅದು ನಾನು ಎಣಿಸಿದ ಅಂಕಿ, ನಿಜವಾದ ಅಂಕಿ. ಹೇಳಿದ್ದರೂ ಅದನ್ನು ನಂಬಲು ಅವರಿಗೆ ಕಾರಣವಿರಲಿಲ್ಲ.